ಹುಬ್ಬಿನಂಚಿನ ಗಂಟು: ಹಿಸುಕಬೇಡಿ

ಮಗುವಿನ ಹುಬ್ಬಿನ ಹೊರತುದಿಯಲ್ಲಿ ಬಟಾಣಿ ಗಾತ್ರದ ಗಂಟು. ಮುಟ್ಟಿದರೆ ನೋವಿಲ್ಲ, ಮೇಲಿನ ಚರ್ಮ ಸಲೀಸಾಗಿ ಸರಿಯುತ್ತದೆ. ಕುರುವಿರಬೇಕೆಂದು ಮನೆಯವರು ಸುಣ್ಣ-ಬೆಲ್ಲ ಹಚ್ಚುವುದುಂಟು, ಖಂಡಿತ ಬೇಡ. ಅಲ್ಲಿ ಹೆಚ್ಚಾಗಿ ಕಾಣುವುದು ಡರ್ಮಾಯ್ಡ್ ಸಿಸ್ಟ್: ಭ್ರೂಣ ಬೆಳೆಯುವಾಗ ಚರ್ಮದ ಚೂರೊಂದು ಒಳಗೆ ಸಿಕ್ಕಿಕೊಂಡು ಆದ ಚೀಲ. ಒಳಗೆ ಜಿಡ್ಡು, ಕೆಲವೊಮ್ಮೆ ಕೂದಲೂ!

ಒಡೆದರೆ ಆ ಜಿಡ್ಡು ಸುತ್ತ ಹರಡಿ ಉರಿಯೂತವಾಗುತ್ತದೆ. ಸೂಜಿಯಿಂದ ಹೀರಿದರೂ ಚೀಲ ಉಳಿದು ಗಂಟು ಮರಳುತ್ತದೆ. ಹಾಗಾಗಿ ಶಸ್ತ್ರವೈದ್ಯರು ಹುಬ್ಬಿನಂಚಿನಲ್ಲೋ ರೆಪ್ಪೆಯ ಮಡಿಕೆಯಲ್ಲೋ ಸಣ್ಣದಾಗಿ ಕೊಯ್ದು, ಚೀಲವನ್ನು ಇಡಿಯಾಗಿ ಬಿಡಿಸಿ ತೆಗೆಯುತ್ತಾರೆ.

ಮೂಗಿನ ನಟ್ಟನಡುವೆ ಗಂಟಿದ್ದರೆ ಮಾತೇ ಬೇರೆ. ಅಲ್ಲೊಂದು ಸಣ್ಣ ರಂಧ್ರ, ಅದರಿಂದ ಇಣುಕುವ ಕೂದಲೆಳೆ ಕಂಡರೆ, ಚೀಲದ ಎಳೆ ತಲೆಬುರುಡೆಯೊಳಕ್ಕೂ ಹೋಗಿರಬಹುದು. ಎಂಆರ್‌ಐ ಆಗದೆ ಶಸ್ತ್ರಚಿಕಿತ್ಸೆಗೆ ಪೋಷಕರು ಒಪ್ಪಬಾರದು. ತೆಗೆದ ಚೀಲ ಪೆಥಾಲಜಿ ಪರೀಕ್ಷೆಗೆ ಹೋಯಿತೇ ಎಂದೂ ಕೇಳಬೇಕು.