ಒಂದೇ ಡಿಎನ್‌ಎ, ಬೇರೆ ಬೇರೆ ಕೋಶ

ಹಿಮೋಗ್ಲೋಬಿನ್ ಜೀನ್ ನಮ್ಮ ನರಕೋಶದಲ್ಲೂ ಇದೆ. ಆದರೆ ಅದು ಭರದಿಂದ ಕೆಲಸ ಮಾಡುವುದು ಅಸ್ಥಿಮಜ್ಜೆಯಲ್ಲಿ ಕೆಂಪು ರಕ್ತಕಣವಾಗಿ ಬೆಳೆಯುತ್ತಿರುವ ಕೋಶದಲ್ಲಿ. ಏಕೆ?

ಕಾಲುವೆಯಲ್ಲಿ ನೀರಿದ್ದರೂ ತೂಬು ತೆರೆದ ಹೊಲಕ್ಕೆ ಮಾತ್ರ ಹರಿಯುತ್ತದೆ. ಜೀನ್‌ಗಳ ತೂಬು ತೆರೆಯುವ, ಮುಚ್ಚುವ ಪ್ರೋಟೀನುಗಳೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಇವು ಡಿಎನ್‌ಎಯ ನಿರ್ದಿಷ್ಟ ತಾಣಕ್ಕೆ ಅಂಟಿಕೊಂಡು, ಆರ್‌ಎನ್‌ಎ ಪಾಲಿಮರೇಸ್ ಕೆಲಸ ಆರಂಭಿಸಲು ನೆರವಾಗುತ್ತವೆ ಇಲ್ಲವೇ ಅದನ್ನು ತಡೆಯುತ್ತವೆ. ಸ್ಟೆಮ್ ಸೆಲ್ ಕೆಂಪು ರಕ್ತಕಣವಾಗುವ ಹಾದಿಯಲ್ಲಿ ಗಾಟಾ-1 ಎಂಬ ಫ್ಯಾಕ್ಟರ್ ಗ್ಲೋಬಿನ್ ಜೀನ್‌ಗಳನ್ನು ತೆರೆಯುತ್ತದೆ. ಮಗು ಹುಟ್ಟಿದ ಬಳಿಕ ಭ್ರೂಣದ ಹಿಮೋಗ್ಲೋಬಿನ್ ಜೀನನ್ನು ಮುಚ್ಚಿಡುವುದು ಬಿಸಿಎಲ್11ಎ.

ಕರ್ನಾಟಕದ ಬುಡಕಟ್ಟು ಸಮುದಾಯಗಳಲ್ಲೂ ಕಂಡುಬರುವ ಸಿಕಲ್ ಸೆಲ್ ರಕ್ತಹೀನತೆಯಲ್ಲಿ ದೋಷವಿರುವುದು ವಯಸ್ಕ ಹಿಮೋಗ್ಲೋಬಿನ್‌ನಲ್ಲಿ. 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿದ ಕ್ಯಾಸ್ಜೆವಿ ಚಿಕಿತ್ಸೆಯಲ್ಲಿ ರೋಗಿಯದೇ ಸ್ಟೆಮ್ ಸೆಲ್‌ಗಳನ್ನು ಹೊರತೆಗೆದು, ಬಿಸಿಎಲ್11ಎ ಜೀನಿನೊಳಗೆ ಗಾಟಾ-1 ಅಂಟುವ ತಾಣವನ್ನು ಕ್ರಿಸ್ಪರ್‌ನಿಂದ ಕತ್ತರಿಸಿ, ದೇಹಕ್ಕೆ ಮರಳಿಸುತ್ತಾರೆ. ಆಗ ಬಿಸಿಎಲ್11ಎ ತಗ್ಗಿ, ಭ್ರೂಣದ ಹಿಮೋಗ್ಲೋಬಿನ್ ಮತ್ತೆ ತಯಾರಾಗುತ್ತದೆ. ಗಮನಿಸಿ, ದೋಷವಿದ್ದ ಜೀನನ್ನು ಇಲ್ಲಿ ಮುಟ್ಟಿಯೇ ಇಲ್ಲ.

ನೆನಪಿಡಿ: ಕೋಶ ವಿಭೇದೀಕರಣದಲ್ಲಿ ಸಾಮಾನ್ಯವಾಗಿ ಜೀನ್‌ಗಳು ಕಳೆದುಹೋಗುವುದಿಲ್ಲ, ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಬದಲಾಗುತ್ತದೆ.