ಎರಡು ಅರ್ಥದಲ್ಲೂ ಗುರು: ಫಾದರ್ ಜಾರ್ಜ್ ಲೆಮೇತ್ರ್



ಹೈಸ್ಕೂಲು ಮಕ್ಕಳಿರುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳುತ್ತದೆ: "ಅಪ್ಪಾ, ಲೋಕವನ್ನು ದೇವರು ಸೃಷ್ಟಿಸಿದರು ಅಂತ ಧರ್ಮೋಪದೇಶದಲ್ಲಿ ಹೇಳಿಕೊಡುತ್ತಾರೆ. ಮಹಾಸ್ಫೋಟದಿಂದ ಆಯಿತು ಅಂತ ವಿಜ್ಞಾನದಲ್ಲಿ ಹೇಳುತ್ತಾರೆ. ಯಾವುದು ನಿಜ?" ಕೆಲವು ತಂದೆತಾಯಿಯರು "ಅದನ್ನು ಪರೀಕ್ಷೆಯಲ್ಲಿ ಬರೆ ಸಾಕು, ನಂಬಬೇಡ" ಎಂದು ಮಗುವಿನ ಬಾಯಿ ಮುಚ್ಚಿಸುತ್ತಾರೆ. ಇನ್ನು ಕೆಲವರು "ನೋಡಿದೆಯಾ, ಬೈಬಲ್ ಹೇಳಿದ್ದನ್ನೇ ವಿಜ್ಞಾನ ಈಗ ಸಾಬೀತು ಮಾಡಿದೆ" ಎಂದು ಹೆಮ್ಮೆಪಡುತ್ತಾರೆ.

ಮೊದಲನೆಯ ಉತ್ತರದಲ್ಲಿ ಭಯವಿದೆ, ಎರಡನೆಯದರಲ್ಲಿ ಅವಸರವಿದೆ. ಇವೆರಡನ್ನೂ ಒಪ್ಪದೆ ಬಾಳಿದ ಒಬ್ಬ ಮಹನೀಯರ ಪರಿಚಯವನ್ನು ಈ ವಾರ ಮಾಡಿಕೊಳ್ಳೋಣ. ಮಹಾಸ್ಫೋಟ ಸಿದ್ಧಾಂತದ ಪಿತಾಮಹರೆಂದು ವಿಜ್ಞಾನಲೋಕ ಕರೆಯುವುದು ಇವರನ್ನೇ. ಇವರು ಬೆಲ್ಜಿಯಮ್ ದೇಶದ ಕಥೋಲಿಕ ಗುರು, ಲೂವೇನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾರ್ಜ್ ಲೆಮೇತ್ರ್. ನಾವು ಯಾಜಕರನ್ನೂ ಗುರು ಎನ್ನುತ್ತೇವೆ, ಪಾಠ ಹೇಳುವವರನ್ನೂ ಗುರು ಎನ್ನುತ್ತೇವೆ. ಲೆಮೇತ್ರ್ ಎರಡು ಅರ್ಥದಲ್ಲೂ ಗುರುಗಳಾಗಿದ್ದರು.

ಮನೆ, ಯುದ್ಧ, ಗುರುಮಠ

ಲೆಮೇತ್ರ್ ಹುಟ್ಟಿದ್ದು 1894ರ ಜುಲೈ 17ರಂದು, ಶಾರ್ಲೆರ್ವಾ ಎಂಬ ಕೈಗಾರಿಕಾ ಪಟ್ಟಣದಲ್ಲಿ. ತಂದೆಗೆ ಗಾಜಿನ ಕಾರ್ಖಾನೆಯಿತ್ತು. ಹುಡುಗ ಯೇಸುಸಭೆಯ ಗುರುಗಳ ಶಾಲೆಯಲ್ಲಿ ಓದಿದ. ಗುರುವಾಗಬೇಕು, ವಿಜ್ಞಾನಿಯೂ ಆಗಬೇಕು ಎಂಬ ಎರಡು ಆಸೆಗಳು ಚಿಕ್ಕಂದಿನಲ್ಲೇ ಒಟ್ಟಿಗೆ ಮೊಳೆತಿದ್ದವು. ಮುಂದೆ ಕಾರ್ಖಾನೆ ಬೆಂಕಿಗೆ ಆಹುತಿಯಾಗಿ ಕುಟುಂಬ ಬ್ರಸೆಲ್ಸಿಗೆ ಬಂದು ನೆಲಸಿತು. ಹಿರಿಯ ಮಗ ಲೂವೇನಿನಲ್ಲಿ ಇಂಜಿನಿಯರಿಂಗ್ ಸೇರಿದ.

1914ರಲ್ಲಿ ಮೊದಲನೆಯ ಮಹಾಯುದ್ಧ ಬಂತು. ಲೆಮೇತ್ರ್ ಸ್ವಯಂಸೇವಕನಾಗಿ ಸೈನ್ಯ ಸೇರಿ ನಾಲ್ಕು ವರ್ಷ ಕಳೆದರು, ಶೌರ್ಯ ಪದಕವನ್ನೂ ಪಡೆದರು. ಯುದ್ಧ ಮುಗಿದ ಮೇಲೆ ಇಂಜಿನಿಯರಿಂಗ್ ಬಿಟ್ಟು ಗಣಿತ ಮತ್ತು ಭೌತಶಾಸ್ತ್ರದ ಕಡೆಗೆ ತಿರುಗಿದರು. 1920ರಲ್ಲಿ ಡಾಕ್ಟರೇಟ್ ಕೈಸೇರಿತು. ಅದೇ ವರ್ಷ ಅವರು ಮಾಲೀನ್ ನಗರದ ಗುರುಮಠವನ್ನು ಪ್ರವೇಶಿಸಿದರು.

ಅಲ್ಲಿ ಕಾರ್ಡಿನಲ್ ಮೆರ್ಸಿಯೆ ಅವರ ಪಾತ್ರವನ್ನು ನಾವು ಮರೆಯಬಾರದು. ಸ್ವತಃ ಲೂವೇನಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು, "ಗುರುವಾಗುವವನಿಗೆ ಗಣಿತವೇಕೆ?" ಎಂದು ತಡೆಯಲಿಲ್ಲ. ಗುರುಮಠದಲ್ಲಿದ್ದುಕೊಂಡೇ ಲೆಮೇತ್ರ್ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಕಲಿತು, ಅದರ ಮೇಲೆ ಒಂದು ಪ್ರಬಂಧ ಬರೆದು, ವಿದೇಶದಲ್ಲಿ ಓದಲು ವಿದ್ಯಾರ್ಥಿವೇತನ ಗಳಿಸಿದರು. 1923ರ ಸೆಪ್ಟೆಂಬರ್ 22ರಂದು ಮೆರ್ಸಿಯೆ ಅವರ ಕೈಯಿಂದಲೇ ಗುರುದೀಕ್ಷೆಯಾಯಿತು. ಕೆಲವೇ ದಿನಗಳಲ್ಲಿ ಹೊಸ ಗುರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೊರಟರು. ಅಲ್ಲಿ ಖಗೋಳ ವಿಜ್ಞಾನಿ ಎಡಿಂಗ್ಟನ್ ಅವರ ಬಳಿ ಒಂದು ವರ್ಷ, ಬಳಿಕ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಒಂದು ವರ್ಷ ಕಲಿತು, 1925ರಲ್ಲಿ ಲೂವೇನಿಗೆ ಅಧ್ಯಾಪಕರಾಗಿ ಮರಳಿದರು. 1927ರಲ್ಲಿ ಪೂರ್ಣ ಪ್ರಾಧ್ಯಾಪಕರಾದರು. ಮುಂದೆ 1964ರಲ್ಲಿ ನಿವೃತ್ತರಾಗುವವರೆಗೂ ಅದೇ ಅವರ ಕರ್ಮಭೂಮಿ.

ಹಿಗ್ಗುವ ವಿಶ್ವ

1927ರಲ್ಲಿ ಅವರು ಬೆಲ್ಜಿಯಮ್‌ನ ಒಂದು ಪತ್ರಿಕೆಯಲ್ಲಿ ಫ್ರೆಂಚ್ ಭಾಷೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ವಿಶ್ವ ಇದ್ದಲ್ಲೇ ಇದ್ದ ಹಾಗೆ ಇಲ್ಲ, ಅದು ಹಿಗ್ಗುತ್ತಿದೆ ಎಂಬುದೇ ಅದರ ಸಾರ. ಕ್ರಿಸ್ಮಸ್ ಕೇಕನ್ನು ನೆನಪಿಸಿಕೊಳ್ಳಿ. ಹಿಟ್ಟು ಉಬ್ಬಿದಂತೆ ಅದರೊಳಗಿನ ಒಣದ್ರಾಕ್ಷಿಗಳು ಒಂದರಿಂದೊಂದು ದೂರವಾಗುತ್ತವೆ. ದ್ರಾಕ್ಷಿ ತಾನಾಗಿ ಓಡುವುದಿಲ್ಲ, ನಡುವಿನ ಹಿಟ್ಟು ಹಿಗ್ಗುತ್ತದೆ. ಹತ್ತಿರದ ದ್ರಾಕ್ಷಿ ನಿಧಾನವಾಗಿ, ದೂರದ ದ್ರಾಕ್ಷಿ ವೇಗವಾಗಿ ದೂರ ಸರಿಯುತ್ತದೆ. ನಕ್ಷತ್ರಪುಂಜಗಳೂ ಹೀಗೆಯೇ ಎಂದರು ಲೆಮೇತ್ರ್. ಅಂದು ಸಿಕ್ಕಿದ ಅಳತೆಗಳಿಂದ ಈ ಹಿಗ್ಗುವಿಕೆಯ ದರವನ್ನೂ ಲೆಕ್ಕಹಾಕಿದರು.

ಅದೇ ವರ್ಷ ಬ್ರಸೆಲ್ಸಿನಲ್ಲಿ ನಡೆದ ಸಾಲ್ವೇ ಸಮ್ಮೇಳನಕ್ಕೆ ಐನ್‌ಸ್ಟೈನ್ ಬಂದಿದ್ದಾಗ ಲೆಮೇತ್ರ್ ಅವರನ್ನು ಕಂಡರು. ಲೆಕ್ಕ ಸರಿಯಾಗಿದೆ, ಆದರೆ ಭೌತಶಾಸ್ತ್ರದ ದೃಷ್ಟಿಯಿಂದ ಇದನ್ನು ಒಪ್ಪಲಾರೆ ಎಂದು ಐನ್‌ಸ್ಟೈನ್ ಕಟುವಾಗಿಯೇ ಹೇಳಿದರು. ರಷ್ಯಾದ ಫ್ರೀಡ್‌ಮನ್ ಎಂಬುವರು 1922ರಲ್ಲೇ ಇಂಥ ಸಮೀಕರಣಗಳನ್ನು ಬಿಡಿಸಿದ್ದಾರೆಂಬ ಸಂಗತಿಯೂ ಆಗ ತಿಳಿಯಿತು. 33 ವರ್ಷದ ಅಧ್ಯಾಪಕನಿಗೆ ಇದು ಸಣ್ಣ ಪೆಟ್ಟಲ್ಲ. ಲೆಮೇತ್ರ್ ಜಗಳಕ್ಕೆ ನಿಲ್ಲಲಿಲ್ಲ, ಕೈಚೆಲ್ಲಲೂ ಇಲ್ಲ. ಲೂವೇನಿಗೆ ಹಿಂದಿರುಗಿ ಪಾಠ ಮುಂದುವರಿಸಿದರು.

1929ರಲ್ಲಿ ಅಮೆರಿಕದ ಹಬಲ್ ದೂರದರ್ಶಕದ ಅಳತೆಗಳಿಂದ ಇದೇ ಸಂಬಂಧವನ್ನು ಪ್ರಕಟಿಸಿದರು. 1931ರಲ್ಲಿ ಎಡಿಂಗ್ಟನ್ ಅವರ ಒತ್ತಾಸೆಯಿಂದ ಲೆಮೇತ್ರ್ ಅವರ ಲೇಖನ ಇಂಗ್ಲಿಷಿನಲ್ಲಿ ಬಂತು. ಆದರೆ ಹಿಗ್ಗುವಿಕೆಯ ದರವನ್ನು ಲೆಕ್ಕಹಾಕಿದ್ದ ಭಾಗ ಅದರಲ್ಲಿರಲಿಲ್ಲ! ಯಾರೋ ಬೇಕೆಂದೇ ಕತ್ತರಿಸಿದರೆಂಬ ಸಂಶಯ ಬಹುಕಾಲ ಉಳಿದಿತ್ತು. 2011ರಲ್ಲಿ ಹಳೆಯ ಪತ್ರವೊಂದು ಬೆಳಕಿಗೆ ಬಂದಾಗ ನಿಜ ತಿಳಿಯಿತು: ಅನುವಾದಿಸಿದವರೂ ಲೆಮೇತ್ರ್, ಬಿಟ್ಟವರೂ ಅವರೇ. ಅಷ್ಟರಲ್ಲಿ ಹೊಸ ಅಳತೆಗಳು ಬಂದಿದ್ದುದರಿಂದ ತಮ್ಮ ಹಳೆಯ ಲೆಕ್ಕವನ್ನು ಮತ್ತೆ ಅಚ್ಚುಮಾಡುವ ಅಗತ್ಯ ಅವರಿಗೆ ಕಾಣಲಿಲ್ಲ. ತಾನೇ ಮೊದಲಿಗ ಎಂದು ಸಾರಿಕೊಳ್ಳುವ ಅವಕಾಶವನ್ನು ಹೀಗೆ ಸದ್ದಿಲ್ಲದೆ ಬಿಟ್ಟುಕೊಟ್ಟರು. 2018ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸದಸ್ಯರು ಮತ ಹಾಕಿ, ಈ ನಿಯಮವನ್ನು "ಹಬಲ್-ಲೆಮೇತ್ರ್ ನಿಯಮ" ಎಂದು ಕರೆಯಲು ಶಿಫಾರಸು ಮಾಡಿದರು.

ಹೊಡೆದುಹಾಕಿದ ಒಂದು ಪ್ಯಾರಾ

ಹಿಗ್ಗುವ ವಿಶ್ವದ ಚಿತ್ರವನ್ನು ಹಿಂದಕ್ಕೆ ತಿರುಗಿಸಿದರೆ ಎಲ್ಲವೂ ಒಂದೆಡೆ ಕೂಡಬೇಕಲ್ಲವೇ? 1931ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಗೆ ಬರೆದ ಪುಟ್ಟ ಪತ್ರದಲ್ಲಿ ಲೆಮೇತ್ರ್ ಈ ವಿಚಾರವನ್ನು ಮಂಡಿಸಿದರು. ವಿಶ್ವದ ಸಮಸ್ತ ದ್ರವ್ಯವೂ ಮೊದಲಿಗೆ ಒಂದೇ ಒಂದು "ಆದಿಪರಮಾಣು"ವಾಗಿತ್ತು, ಅದು ಒಡೆಯುತ್ತಾ ಹೋಗಿ ವಿಶ್ವವಾಯಿತು ಎಂಬ ಊಹೆ ಅದು. ಈ ಪತ್ರದ ಕರಡುಪ್ರತಿಯ ಕೊನೆಯಲ್ಲಿ ದೇವರ ಬಗ್ಗೆ ಒಂದು ಪ್ಯಾರಾ ಇತ್ತು. ದೇವರು ಸ್ವಭಾವತಃ ಮರೆಯಾಗಿರುವವರು, ಇಂದಿನ ಭೌತಶಾಸ್ತ್ರ ಸೃಷ್ಟಿಗೆ ಒಂದು ತೆರೆಯನ್ನು ಎಳೆದಿರುವುದನ್ನು ಕಂಡು ವಿಶ್ವಾಸಿ ಸಂತೋಷಪಡಬಹುದು ಎಂಬ ಅರ್ಥದ ಮಾತು. ಅಚ್ಚಿಗೆ ಕಳುಹಿಸುವ ಮುನ್ನ ಲೆಮೇತ್ರ್ ಅದನ್ನು ಹೊಡೆದುಹಾಕಿದರು. ಹಾಗೆಂದು ಅವರ ವಿಶ್ವಾಸ ತಣ್ಣಗಾಗಿತ್ತೆಂದು ಭಾವಿಸಬೇಡಿ. ಆ ಮಾತಿಗೆ ಅದು ಸರಿಯಾದ ಜಾಗವಲ್ಲ ಎಂಬುದು ಅವರ ವಿವೇಕ.

ಹಲವರಿಗೆ ಈ ಊಹೆ ರುಚಿಸಲಿಲ್ಲ. ಪಾದ್ರಿಯೊಬ್ಬರು ವಿಜ್ಞಾನದ ಹೆಸರಿನಲ್ಲಿ ಆದಿಕಾಂಡವನ್ನು ನುಸುಳಿಸುತ್ತಿದ್ದಾರೆಂಬ ಶಂಕೆ ಅವರದು. ಇಂಗ್ಲೆಂಡಿನ ಫ್ರೆಡ್ ಹಾಯ್ಲ್, ವಿಶ್ವಕ್ಕೆ ಆರಂಭವೇ ಇಲ್ಲ ಎಂಬ ಬೇರೆ ಸಿದ್ಧಾಂತದವರು. 1949ರಲ್ಲಿ ಬಿ.ಬಿ.ಸಿ. ರೇಡಿಯೋ ಭಾಷಣದಲ್ಲಿ ಅವರು ಬಳಸಿದ "ಬಿಗ್ ಬ್ಯಾಂಗ್" ಎಂಬ ಪದವೇ ಮುಂದೆ ಈ ಸಿದ್ಧಾಂತದ ಹೆಸರಾಗಿ ನಿಂತಿತು.

ಪಾಠದ ಮನೆಯಲ್ಲಿ

ಇಷ್ಟೆಲ್ಲ ಕೀರ್ತಿ ಬಂದರೂ ಲೆಮೇತ್ರ್ ಲೂವೇನನ್ನು ಬಿಡಲಿಲ್ಲ. ನಮ್ಮ ದೇಶದ ಅನೇಕ ಗುರುಗಳೂ ಕಲಿತುಬಂದಿರುವ ವಿದ್ಯಾಕೇಂದ್ರವದು. ಅದರ ಗ್ರಂಥಾಲಯ 1914ರಲ್ಲಿ ಒಮ್ಮೆ, 1940ರಲ್ಲಿ ಮತ್ತೊಮ್ಮೆ ಯುದ್ಧದ ಬೆಂಕಿಯಲ್ಲಿ ಸುಟ್ಟುಹೋಯಿತು. ಆದರೂ ಲೆಮೇತ್ರ್ ಅವರ ಪಾಠ ನಿಲ್ಲಲಿಲ್ಲ. ಮೆಕ್ಸಿಕೋ ಮೂಲದ ವಿಜ್ಞಾನಿ ವಾಯಾರ್ತಾ ಅವರ ಜೊತೆಗೂಡಿ ವಿಶ್ವಕಿರಣಗಳ ಮೇಲೆ ಭೂಮಿಯ ಕಾಂತಶಕ್ತಿ ಬೀರುವ ಪರಿಣಾಮವನ್ನು ಲೆಕ್ಕಹಾಕಿದರು. ವರ್ಷಗಟ್ಟಲೆ ನಡೆದ ಆ ಉದ್ದುದ್ದ ಲೆಕ್ಕಗಳಲ್ಲಿ ತಮ್ಮ ವಿದ್ಯಾರ್ಥಿಗಳನ್ನೂ ತೊಡಗಿಸಿದರು. ಮಕ್ಕಳಿಗೆ ಕೂಡುವ ಕಳೆಯುವ ಲೆಕ್ಕ ಸುಲಭವಾಗಲಿ ಎಂದು ಹೊಸ ಬಗೆಯ ಅಂಕಿಗಳನ್ನೇ ರೂಪಿಸಿದರು. ಅರವತ್ತು ದಾಟಿದ ಮೇಲೆ, 1958ರಲ್ಲಿ, ವಿಶ್ವವಿದ್ಯಾಲಯಕ್ಕೆ ಮೊದಲ ಎಲೆಕ್ಟ್ರಾನಿಕ್ ಗಣಕಯಂತ್ರವನ್ನು ತರಿಸಿ, ತಾವೇ ಕುಳಿತು ಅದನ್ನು ಕಲಿತರು. "ನಮಗೆ ವಯಸ್ಸಾಯಿತು, ಇನ್ನೇನು ಕಲಿಯುವುದು" ಎನ್ನುವ ನಮ್ಮಂಥವರು ಇದನ್ನು ಗಮನಿಸಬೇಕು.

ಹೊಗಳಿಕೆ ಬಂದಾಗ

ಲೆಮೇತ್ರ್ ಅವರ ನಿಜವಾದ ಪರೀಕ್ಷೆ ಬಂದದ್ದು ಟೀಕೆಯಿಂದಲ್ಲ, ಹೊಗಳಿಕೆಯಿಂದ. 1951ರ ನವೆಂಬರ್ 22ರಂದು ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು ರೋಮಿನಲ್ಲಿ ವಿಜ್ಞಾನ ಅಕಾಡೆಮಿಯನ್ನು ಉದ್ದೇಶಿಸಿ ಮಾತನಾಡುತ್ತಾ, ಆಧುನಿಕ ವಿಜ್ಞಾನ ಸೃಷ್ಟಿಯ ಆ ಮೊದಲ ಬೆಳಕಿಗೆ ಸಾಕ್ಷಿ ನುಡಿಯುತ್ತಿದೆ ಎಂಬ ಅರ್ಥದಲ್ಲಿ ಹರ್ಷ ವ್ಯಕ್ತಪಡಿಸಿದರು. ತನ್ನ ಸಿದ್ಧಾಂತಕ್ಕೆ ಜಗದ್ಗುರುಗಳ ಮೆಚ್ಚುಗೆ! ಬೇರೆ ಯಾರಾದರೂ ಆಗಿದ್ದರೆ ಆ ಮಾತಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರೇನೋ.

ಲೆಮೇತ್ರ್ ಅವರಿಗೆ ಮಾತ್ರ ಕಳವಳವಾಯಿತು. ಆ ಹೊತ್ತಿಗೆ ಅವರ ಸಿದ್ಧಾಂತ ಇನ್ನೂ ವಾದದಲ್ಲಿತ್ತು. ನಾಳೆ ಅದು ಬಿದ್ದುಹೋದರೆ? ಅದರ ಜೊತೆಗೆ ಕಟ್ಟಿದ ವಿಶ್ವಾಸವೂ ಬಿದ್ದಿತೆಂದು ಜನ ಆಡಿಕೊಳ್ಳುವುದಿಲ್ಲವೇ? 1952ರಲ್ಲಿ ರೋಮಿನಲ್ಲಿ ಖಗೋಳ ವಿಜ್ಞಾನಿಗಳ ಮಹಾಸಭೆ ಸೇರುವುದಿತ್ತು. ಅದಕ್ಕೆ ಮುನ್ನ ಲೆಮೇತ್ರ್, ವ್ಯಾಟಿಕನ್ ವೀಕ್ಷಣಾಲಯವನ್ನು ನೋಡಿಕೊಳ್ಳುತ್ತಿದ್ದ ಯೇಸುಸಭೆಯ ಫಾದರ್ ಓಕಾನೆಲ್ ಅವರ ಬಳಿ ತಮ್ಮ ಆತಂಕವನ್ನು ತೋಡಿಕೊಂಡರು. ಬೀದಿಯಲ್ಲಿ ಪ್ರತಿಭಟಿಸಲಿಲ್ಲ, ಪತ್ರಿಕೆಗೆ ಬರೆಯಲಿಲ್ಲ. ಹೇಳಬೇಕಾದಲ್ಲಿ ವಿನಯದಿಂದ ಹೇಳಿದರು. ಆ ಸೆಪ್ಟೆಂಬರಿನಲ್ಲಿ ಜಗದ್ಗುರುಗಳು ವಿಜ್ಞಾನಿಗಳಿಗೆ ನೀಡಿದ ಭಾಷಣದಲ್ಲಿ ಹಿಂದಿನ ಮಾತು ಮತ್ತೆ ಬರಲಿಲ್ಲ. ಧರ್ಮಸಭೆಗೆ ವಿಧೇಯನಾಗಿದ್ದೇ ಸತ್ಯವನ್ನು ಹೇಳಬಹುದು, ಧರ್ಮಸಭೆ ಅದನ್ನು ಕೇಳಿಸಿಕೊಳ್ಳಲೂಬಹುದು ಎಂಬುದಕ್ಕೆ ಇದೊಂದು ಸುಂದರ ನಿದರ್ಶನ. 1960ರಲ್ಲಿ ಅದೇ ವಿಜ್ಞಾನ ಅಕಾಡೆಮಿಗೆ ಲೆಮೇತ್ರ್ ಅವರನ್ನೇ ಅಧ್ಯಕ್ಷರನ್ನಾಗಿ ನೇಮಿಸಲಾಯಿತು.

ಆರಂಭ ಬೇರೆ, ಸೃಷ್ಟಿ ಬೇರೆ

ಲೆಮೇತ್ರ್ ಅವರ ಈ ನಿಲುವಿನ ಹಿಂದೆ ಗಟ್ಟಿಯಾದ ದೇವಶಾಸ್ತ್ರವಿದೆ. ಲೋಕಕ್ಕೆ ಕಾಲದಲ್ಲಿ ಒಂದು ಆರಂಭವಿತ್ತೆಂದು ಕೇವಲ ತರ್ಕದಿಂದ ಸಾಧಿಸಲಾಗದು, ಅದನ್ನು ನಾವು ವಿಶ್ವಾಸದಿಂದ ತಿಳಿಯುತ್ತೇವೆ ಎಂದು ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಕಲಿಸಿದ್ದರು. ಸೃಷ್ಟಿ ಎಂದರೆ ಎಂದೋ ಒಂದು ದಿನ ದೇವರು ಗಡಿಯಾರಕ್ಕೆ ಕೀಲಿ ಕೊಟ್ಟು ದೂರ ಸರಿದರೆಂದಲ್ಲ. ಇರುವುದೆಲ್ಲವೂ ಈ ಗಳಿಗೆಯಲ್ಲೂ ದೇವರನ್ನು ಆಧರಿಸಿ ಇದೆ ಎಂದರ್ಥ. ಸೂರ್ಯನಿರುವ ತನಕ ಗಾಳಿಯಲ್ಲಿ ಬೆಳಕು, ಸೂರ್ಯ ಮರೆಯಾದರೆ ಕತ್ತಲೆ. ಇದು ಸಂತ ತೋಮಸರೇ ಕೊಟ್ಟ ಹೋಲಿಕೆ.

ಹಾಗಾದರೆ ವಿಜ್ಞಾನ ಕೇಳುವ ಪ್ರಶ್ನೆ ಯಾವುದು? ವಿಶ್ವದ ಹಿಂದಿನ ಸ್ಥಿತಿಯಿಂದ ಮುಂದಿನ ಸ್ಥಿತಿ ಹೇಗೆ ಬಂತು ಎಂಬುದು. ವಿಶ್ವಾಸ ಉತ್ತರಿಸುವ ಪ್ರಶ್ನೆ ಯಾವುದು? ಏನೂ ಇಲ್ಲದಿರುವ ಬದಲು ಇದೆಲ್ಲ ಏಕೆ ಇದೆ, ಯಾರಿಂದ ಇದೆ, ಯಾವುದಕ್ಕಾಗಿ ಇದೆ ಎಂಬುದು. ತಾಯಿ ಮಗುವಿಗೆ ಪಾಯಸ ಮಾಡಿದಳು. ಸಕ್ಕರೆ ಹಾಲಿನಲ್ಲಿ ಹೇಗೆ ಕರಗಿತೆಂದು ರಸಾಯನಶಾಸ್ತ್ರ ಹೇಳೀತು. ಅಮ್ಮ ಏಕೆ ಮಾಡಿದಳೆಂದು ಅದನ್ನು ಕೇಳಿದರೆ ಉತ್ತರ ಸಿಗದು. ಎರಡು ಉತ್ತರಗಳೂ ನಿಜ, ಒಂದು ಮತ್ತೊಂದನ್ನು ಅಳಿಸುವುದಿಲ್ಲ. ಸತ್ಯಕ್ಕೆ ಎರಡು ದಾರಿಗಳಿವೆ, ಎರಡರಲ್ಲೂ ನಡೆಯಲು ನಿರ್ಧರಿಸಿದೆ ಎಂಬುದು ಲೆಮೇತ್ರ್ ತಮ್ಮ ಬಗ್ಗೆ ಹೇಳಿಕೊಂಡ ಮಾತಿನ ತಾತ್ಪರ್ಯ.

ಕೊನೆಯ ಸುದ್ದಿ

ವಿಶ್ವದ ಬಾಲ್ಯದ ಕುರುಹು ವಿಶ್ವಕಿರಣಗಳಲ್ಲಿ ಉಳಿದಿದೆ ಎಂದು ಲೆಮೇತ್ರ್ ಊಹಿಸಿದ್ದರು. ಆ ಊಹೆ ನಿಲ್ಲಲಿಲ್ಲ. ಆದರೆ 1965ರಲ್ಲಿ ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ಆಕಾಶದ ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬರುವ ಕ್ಷೀಣವಾದ ಸೂಕ್ಷ್ಮತರಂಗಗಳ ಸುದ್ದಿಯನ್ನು ಪ್ರಕಟಿಸಿದರು. ವಿಶ್ವದ ಆದಿಯ ಕಾವಿನ ಅವಶೇಷ ಅದೇ ಆಗಿತ್ತು. ಆಗ ಲೆಮೇತ್ರ್ ಕಾಯಿಲೆಯಲ್ಲಿದ್ದರು. ಅವರ ಹಳೆಯ ಸಹಾಯಕ ಗೊದಾರ್ ಈ ಸುದ್ದಿಯನ್ನು ಅವರಿಗೆ ತಲುಪಿಸಿದರು. 1966ರ ಜೂನ್ 20ರಂದು ಲೂವೇನಿನಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷವೆಂದು ಇಂದು ವಿಜ್ಞಾನಿಗಳು ಹೇಳುತ್ತಾರೆ. ನಾಳೆ ಈ ಲೆಕ್ಕ ತುಸು ಬದಲಾದರೂ ನಮ್ಮ ವಿಶ್ವಾಸಪ್ರಮಾಣದ ಒಂದಕ್ಷರವೂ ಬದಲಾಗಬೇಕಿಲ್ಲ.

ನಮಗೆ ಪಾಠ

ಒಂದು: ಮಕ್ಕಳ ಪ್ರಶ್ನೆಯನ್ನು ಪಾಪವೆಂದು ಕಾಣಬೇಡಿ. ದೇವರು ಅಥವಾ ವಿಜ್ಞಾನ, ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಹದಿನೈದು ವರ್ಷದ ಮಗುವಿಗೆ ನಾವೇ ಹೇಳಿದರೆ, ಇಪ್ಪತ್ತನೇ ವಯಸ್ಸಿಗೆ ಅದು ದೇವಾಲಯದ ಮೆಟ್ಟಿಲು ಇಳಿದು ಹೋದೀತು. ಆಗ ಅಳುವವರೂ ನಾವೇ.

ಎರಡು: ವಿಜ್ಞಾನ ದೇವರನ್ನು ಸಾಬೀತು ಮಾಡಿತೆಂದು ಮೊಬೈಲಿನಲ್ಲಿ ಬರುವ ಸಂದೇಶಗಳನ್ನು ಹಿಂದುಮುಂದು ನೋಡದೆ ಹಂಚಬೇಡಿ. ವಿಶ್ವಾಸಕ್ಕೆ ಅಂಥ ಊರುಗೋಲು ಬೇಕಿಲ್ಲ.

ಮೂರು: ಗಣಿತ ಚೆನ್ನಾಗಿ ಬರುವ ಮಗ ಗುರುವಾಗುತ್ತೇನೆ ಎಂದಾಗ, ಅಥವಾ ಮಗಳು ಕನ್ಯಾಸ್ತ್ರೀಯಾಗುತ್ತೇನೆ ಎಂದಾಗ, ಓದೆಲ್ಲ ವ್ಯರ್ಥವಾಯಿತೆಂದು ಕೊರಗಬೇಡಿ. ದೇವರು ಕೊಟ್ಟ ಬುದ್ಧಿಯನ್ನು ದೇವರು ಕಸಿದುಕೊಳ್ಳುವುದಿಲ್ಲ.

ಮನೆಯಲ್ಲಿ ಚರ್ಚಿಸಿ

1. ಆದಿಕಾಂಡದ ಮೊದಲ ಅಧ್ಯಾಯವನ್ನು ರಾತ್ರಿಯ ಜಪಮಾಲೆಯ ಬಳಿಕ ಎಲ್ಲರೂ ಕೂಡಿ ಓದಿ. ಅದು ನಮಗೆ ದೇವರ ಬಗ್ಗೆ ಏನು ಹೇಳುತ್ತದೆ? ಮನುಷ್ಯನ ಬಗ್ಗೆ ಏನು ಹೇಳುತ್ತದೆ?

2. ಲೆಮೇತ್ರ್ ಆ ಪ್ಯಾರಾವನ್ನು ಹೊಡೆದುಹಾಕಿದ್ದು ಸರಿಯೇ? ಏಕೆ?

3. ಶಾಲೆಯಲ್ಲಿ ಕಲಿತ ಯಾವ ವಿಷಯ ನಿಮ್ಮ ಮಕ್ಕಳ ವಿಶ್ವಾಸಕ್ಕೆ ತೊಡಕಾಗಿದೆ? ಅವರನ್ನೇ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳಿ, ಬನ್ನಿ ಕೂಡಿ ತಿಳಿಯೋಣ ಎನ್ನಿ. ಒಳ್ಳೆಯ ಗುರು ಮಾಡುವುದೂ ಅದನ್ನೇ.