ವಾರಕ್ಕೆರಡು ಗಂಟೆ ಮರದಡಿ

ಲಾಲ್‌ಬಾಗಿನಲ್ಲಿ ಬೆಳಗ್ಗೆ ಎಷ್ಟೋ ಮಂದಿ ಸೈಟು, ಸಾಲ ಅಂತ ಫೋನಿನಲ್ಲಿ ಮಾತಾಡುತ್ತಲೇ ಸುತ್ತು ಮುಗಿಸುತ್ತಾರೆ. ಕಾಲಿಗೆ ವ್ಯಾಯಾಮವಾಯಿತು, ತಲೆಗೆ ಬಿಡುವೆಲ್ಲಿ?

ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿಯ ಮೇಲೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆದವರಲ್ಲೇ ಆರೋಗ್ಯ, ನೆಮ್ಮದಿ ಹೆಚ್ಚು ಕಂಡಿತು. ಒಂದೇ ಸಲವೋ, ಕಂತಿನಲ್ಲೋ, ವ್ಯತ್ಯಾಸವಿರಲಿಲ್ಲ. ಆರೋಗ್ಯವಂತರೇ ಪಾರ್ಕಿಗೆ ಹೋಗುತ್ತಾರಲ್ಲವೇ ಎಂಬ ಅನುಮಾನ ನ್ಯಾಯವಾದದ್ದೇ. ಆದರೆ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಗಮನಿಸಿದ್ದು ಹಾಸಿಗೆ ಹಿಡಿದ ರೋಗಿಗಳನ್ನು: ಪಿತ್ತಕೋಶದ ಶಸ್ತ್ರಚಿಕಿತ್ಸೆಯ ನಂತರ ಕಿಟಕಿಯಲ್ಲಿ ಮರ ಕಂಡವರು, ಇಟ್ಟಿಗೆ ಗೋಡೆ ಕಂಡವರಿಗಿಂತ ಬೇಗ ಮನೆ ಸೇರಿದರು.

ಕಬ್ಬನ್ ಪಾರ್ಕಿನಲ್ಲಿ ಶನಿವಾರ ಚಾಪೆ ಹಾಸಿ, ಮಾತಿಲ್ಲದೆ ಪುಸ್ತಕ ಓದುವವರಿದ್ದಾರೆ. ದೂರವೆನಿಸಿದರೆ ಬಡಾವಣೆಯ ಹೊಂಗೆ ಮರದಡಿಯ ಕಲ್ಲುಬೆಂಚೂ ಆದೀತು. ಗಾಳಿಮಳೆಯ ದಿನ ಮಾತ್ರ ಬೇಡ, ಹಳೇ ಕೊಂಬೆ ಮುರಿದು ಬೀಳುವುದುಂಟು.